ಫ್ರೀಮಾಂಟಿನ ತೆರಿಗೆ ಫೋಲ್ಸಮ್‌ಗೆ ಬಂದದ್ದು

ಮಕ್ಕಳು ಕೆಲಸ ಅಂತ ಹೊರಟ ಮೇಲೂ ನಾವಿಬ್ಬರು ಫ್ರೀಮಾಂಟಿನ ದೊಡ್ಡ ಮನೆಯಲ್ಲೇ ಇದ್ದೆವು. ಅದಕ್ಕೆ ಮುಖ್ಯ ಕಾರಣ ಪ್ರಾಪರ್ಟಿ ಟ್ಯಾಕ್ಸ್. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರಾಪ್ 13 (ಪ್ರಾಪೊಸಿಷನ್ 13, ಜನರೇ ಓಟು ಹಾಕಿ ತಂದ ಕಾನೂನು) ಬಂದ ಮೇಲೆ ತೆರಿಗೆಯ ಲೆಕ್ಕ ಶುರುವಾಗುವುದು ಮನೆ ಕೊಂಡಾಗಿನ ಬೆಲೆಯಿಂದ. ಆ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. 1999ರಲ್ಲಿ ಮೂರೂವರೆ ಲಕ್ಷ ಡಾಲರಿಗೆ ಕೊಂಡ ನಮ್ಮ ಮನೆ 2023ರಲ್ಲಿ ಕೌಂಟಿ (ಅಂದರೆ ಜಿಲ್ಲೆ) ಲೆಕ್ಕಕ್ಕೆ ಸುಮಾರು 5.6 ಲಕ್ಷ, ಮಾರ್ಕೆಟ್ಟಿಗೆ 16 ಲಕ್ಷ. ಪಕ್ಕಕ್ಕೆ ಹೊಸದಾಗಿ ಬಂದ ದಂಪತಿ ಅಂಥದೇ ಮನೆಗೆ ಹತ್ತಿರಹತ್ತಿರ ನಮ್ಮ ಮೂರರಷ್ಟು ಕಟ್ಟುತ್ತಿದ್ದರು. ಇದು ನ್ಯಾಯವಾ ಅಂತ ಕೇಳಿದರೆ ನನಗೂ ಅನುಮಾನವೇ. ಆದರೆ ಸಿಕ್ಕಿದ್ದನ್ನು ಸುಮ್ನೆ ಯಾರು ಬಿಡುತ್ತಾರೆ, ಅಲ್ವಾ?

2020ರಲ್ಲಿ ಜನ ಓಟು ಹಾಕಿ ತಂದ ಪ್ರಾಪ್ 19 ನಮಗೆ ದಾರಿ ಮಾಡಿಕೊಟ್ಟಿತು. 55 ದಾಟಿದವರು ಹಳೆಯ ತೆರಿಗೆ ಬೆಲೆಯನ್ನು ರಾಜ್ಯದ ಯಾವ ಕೌಂಟಿಗೆ ಬೇಕಾದರೂ ಒಯ್ಯಬಹುದು, ಅದೂ ಮೂರು ಸಲ. ಎರಡೂ ಮನೆ ನಾವೇ ವಾಸವಿರುವ ಮನೆಯಾಗಿರಬೇಕು. ಮಾರಾಟ, ಖರೀದಿ ಎರಡರ ನಡುವೆ ಎರಡು ವರ್ಷಕ್ಕಿಂತ ಜಾಸ್ತಿ ಅಂತರ ಇರಬಾರದು.

ನಾವು ಇನ್ನೊಂದು ಕೌಂಟಿಯ ಫೋಲ್ಸಮ್ ಊರಿನಲ್ಲಿ ಕೊಂಡದ್ದು 9 ಲಕ್ಷದ ಮನೆ. ಮಾರಿದ ಬೆಲೆಗಿಂತ ಕಡಿಮೆ, ಹಾಗಾಗಿ 5.6 ಲಕ್ಷ ಇಡಿಯಾಗಿ ಬಂತು. ಮೂಲ ದರ ಶೇ. 1 ಅಂದರೂ ವರ್ಷಕ್ಕೆ 3,400 ಡಾಲರ್ ಉಳಿತಾಯ. ಮಾರಿದ್ದಕ್ಕಿಂತ ದುಬಾರಿ ಮನೆ ಕೊಳ್ಳುವವರು ಮಾತ್ರ ಮಾರುವುದು ಮೊದಲೋ ಕೊಳ್ಳುವುದು ಮೊದಲೋ ಅಂತ ಯೋಚಿಸಬೇಕು. ಮಾರಿ ಒಂದು ವರ್ಷದೊಳಗೆ ಕೊಂಡರೆ ಹೋಲಿಕೆಗೆ ಹಳೆಯ ಮನೆಯ ಮಾರುಕಟ್ಟೆ ಬೆಲೆಯನ್ನು ಶೇ. 105 ಅಂತ ಹಿಡಿಯುತ್ತಾರೆ, ಎರಡನೆಯ ವರ್ಷವಾದರೆ ಶೇ. 110. ಮೊದಲೇ ಕೊಂಡುಬಿಟ್ಟರೆ ಬರೀ 100. ಉದಾಹರಣೆಗೆ 16 ಲಕ್ಷಕ್ಕೆ ಮಾರಿ ವರ್ಷದೊಳಗೆ 18 ಲಕ್ಷದ್ದು ಕೊಂಡರೆ, 16.8 ದಾಟಿದ 1.2 ಲಕ್ಷ ಮಾತ್ರ ಹಳೆಯ ತೆರಿಗೆ ಬೆಲೆಗೆ ಸೇರುತ್ತದೆ. ಮೊದಲೇ ಕೊಂಡರೆ ಪೂರ್ತಿ 2 ಲಕ್ಷ ಸೇರುತ್ತದೆ.

ಇದು ತಾನಾಗಿ ಸಿಗುವುದಿಲ್ಲ, ಕೇಳಿ ಪಡೆಯಬೇಕು. ಬಿಒಇ-19-ಬಿ ಅನ್ನುವ ಫಾರ್ಮ್ ತುಂಬಿ ಹೊಸ ಮನೆಯ ಕೌಂಟಿ ಅಸೆಸರ್‌ಗೆ (ತೆರಿಗೆಗೆ ಮನೆಯ ಬೆಲೆ ಕಟ್ಟುವ ಅಧಿಕಾರಿ) ಕೊಡಬೇಕು. ಹೊಸ ಮನೆ ಕೊಂಡು ಮೂರು ವರ್ಷದೊಳಗೆ ಕೊಟ್ಟರೆ ಹಿಂದಿನದೂ ಸೇರಿ ಲಾಭ ಸಿಗುತ್ತದೆ. ಅರ್ಜಿ ಅಲ್ಲಿರುವಾಗಲೇ ಪೂರ್ತಿ ಬೆಲೆಯ ಮೇಲೆ ಸಪ್ಲಿಮೆಂಟಲ್ ಬಿಲ್ (ಮನೆ ಕೈ ಬದಲಾದಾಗ ಬರುವ ಹೆಚ್ಚುವರಿ ತೆರಿಗೆ ಬಿಲ್) ಬಂತು. ಗಾಬರಿ ಬೇಡ. ಗಡುವಿನೊಳಗೆ ಕಟ್ಟಿಬಿಡಿ, ಇಲ್ಲದಿದ್ದರೆ ದಂಡ ಬೀಳುತ್ತದೆ. ಅರ್ಜಿ ಒಪ್ಪಿದ ಮೇಲೆ ಹೆಚ್ಚಿನದು ವಾಪಸ್ ಬರುತ್ತದೆ.

ಏಜೆಂಟರು ಹೆಚ್ಚಾಗಿ ಹೇಳದ ವಿಷಯ ಒಂದಿದೆ: ಮೆಲ್ಲೊ-ರೂಸ್. ಹೊಸ ಬಡಾವಣೆಗಳಲ್ಲಿ ರಸ್ತೆ, ಶಾಲೆ, ನೀರಿನ ಲೈನಿಗೆ ಅಂತ ಹಾಕುವ ಈ ತೆರಿಗೆಗೆ ಪ್ರಾಪ್ 19 ತಾಗುವುದಿಲ್ಲ. ಮಿಂಚುವ ಹೊಸ ಮನೆಗಳನ್ನು ನೋಡಿಯೂ ನಾವು ಹಳೆಯ ಬಡಾವಣೆಯನ್ನೇ ಆರಿಸಿದ್ದು ಇದಕ್ಕೇ.

ಹಳೆಯ ಮನೆಯನ್ನು ಮಕ್ಕಳಿಗೇ ಬಿಡಬಹುದಿತ್ತಲ್ಲ ಅಂತ ಕೆಲವರು ಕೇಳಿದರು. 2021ರ ಫೆಬ್ರವರಿ 16ರಿಂದ ಅದೂ ಬಿಗಿಯಾಗಿದೆ. ಮಕ್ಕಳು ಅದೇ ಮನೆಯಲ್ಲಿ ವಾಸವಿದ್ದರೆ ಮಾತ್ರ ಹಳೆಯ ತೆರಿಗೆ, ಅದಕ್ಕೂ ಒಂದು ಮಿತಿ. ನಮ್ಮಿಬ್ಬರು ಮಕ್ಕಳೂ ಟೆಕ್ಸಸ್‌ನಲ್ಲಿ ನೆಲೆಯಾಗಿದ್ದಾರೆ.