ಸೂಜಿ ಹೊರಬಂದ ಮೇಲೆಯೇ ಅಸಲಿ ಕೆಲಸ

ಲಸಿಕೆ ಹಾಕಿಸಿಕೊಂಡ ಸಂಜೆಯಿಂದಲೇ ರಕ್ಷಣೆ ಸಿಕ್ಕಿತು ಎಂದುಕೊಳ್ಳುವವರು ಬಹಳ. ಸೀಸೆಯಲ್ಲಿರುವುದು ರೋಗಾಣುವಿನ ಗುರುತು ಮಾತ್ರ. ಹೊಡೆದಾಡಲು ಕಲಿಯಬೇಕಾದದ್ದು ದೇಹ, ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ.

ಮೊದಲ ಎರಡು ದಿನ

ತೋಳಿನ ಸ್ನಾಯುವಿಗೆ ಹೋಗುವುದು ಸಾಮಾನ್ಯವಾಗಿ 0.5 ಮಿ.ಲೀ. ಅಷ್ಟಕ್ಕೇ ಅಲ್ಲಿನ ಕಾವಲು ಕೋಶಗಳು ಎಚ್ಚೆತ್ತು ರಾಸಾಯನಿಕ ಸಂಕೇತ ಹೊರಡಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ಬಿಳಿ ರಕ್ತಕಣಗಳು ಬಂದು ಮುತ್ತುತ್ತವೆ. ಊತ, ನೋವು, ಮೈಬಿಸಿ ಎಲ್ಲ ಈ ಗದ್ದಲದ್ದೇ. ಹಾಗೆಂದು ಜ್ವರ ಬರದಿದ್ದರೆ ಲಸಿಕೆ ನಾಟಿಲ್ಲ ಎನ್ನುವುದು ಶುದ್ಧ ತಪ್ಪು. ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳಿಗೆ ಅಲ್ಯೂಮಿನಿಯಂ ಲವಣ ಬೆರೆಸುವುದೂ ಗದ್ದಲ ಎಬ್ಬಿಸಲಿಕ್ಕೇ. ಬರೀ ಪ್ರೋಟೀನ್ ಕೊಟ್ಟರೆ ಕಾವಲಿನವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಂಕುಳಿನ ಗಂಟಿನಲ್ಲಿ

ಕಾವಲಿನವರಲ್ಲಿ ಡೆಂಡ್ರೈಟಿಕ್ ಕೋಶಗಳು ಲಸಿಕೆಯ ತುಣುಕುಗಳನ್ನು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೋಗುತ್ತವೆ. ಕೆಲವರಿಗೆ ಅಲ್ಲಿ ಗಂಟು ಕಾಣಿಸಿಕೊಳ್ಳುವುದು ಇದರಿಂದಲೇ. ಗ್ರಂಥಿಯಲ್ಲಿರುವ ಬಿ ಮತ್ತು ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಗ್ರಾಹಕಗಳು, ಅಂದರೆ ಗುರುತು ಹಿಡಿಯುವ ಕೊಂಡಿಗಳು, ಒಂದರಂತೆ ಇನ್ನೊಂದಿಲ್ಲ. ತುಣುಕಿಗೆ ಹೊಂದುವುದು ಎಲ್ಲೋ ಬೆರಳೆಣಿಕೆಯಷ್ಟು. ಹೊಂದಿದ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಗಟ್ಟಲೆ ಬೆಳೆಯಬೇಕು, ತಡವಾಗುವುದು ಇಲ್ಲೇ. ಬೆಳೆಯುವಾಗ ಬಿ ಕೋಶಗಳು ತಮ್ಮ ಪ್ರತಿಕಾಯದ (ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನ್) ಜೀನಿನಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಳ್ಳುತ್ತವೆ. ಗುರುತನ್ನು ಗಟ್ಟಿಯಾಗಿ ಹಿಡಿದವು ಉಳಿಯುತ್ತವೆ, ಸಡಿಲವಾದವು ಸಾಯುತ್ತವೆ. ಈ ಜರಡಿ ವಾರಗಟ್ಟಲೆ ನಡೆಯುತ್ತದೆ. ಅನೇಕ ಲಸಿಕೆಗಳ ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಬಿಡುವುದು ಸುಮ್ಮನಲ್ಲ. ಅವಸರದಲ್ಲಿ ಮುಂಚೆ ಹಾಕಿದರೆ ಫಲ ಕಡಿಮೆ. ತಡವಾದರೆ ಸಾಮಾನ್ಯವಾಗಿ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ತಡವಾದ ದಿನಗಳಲ್ಲಿ ಮಾತ್ರ ರಕ್ಷಣೆ ಅರೆಬರೆ.

ನೆನಪು ಯಾವಾಗ ಸಾಲದು

ಗೆದ್ದ ಕೋಶಗಳಲ್ಲಿ ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ, ಕೆಲವು ಮೂಳೆಮಜ್ಜೆ ಸೇರಿ ವರ್ಷಗಟ್ಟಲೆ ಪ್ರತಿಕಾಯ ಸುರಿಸುತ್ತವೆ. ದಡಾರದ ವೈರಸ್ ಒಳಹೊಕ್ಕು ಲಕ್ಷಣ ತೋರಲು ಸಾಮಾನ್ಯವಾಗಿ ಹತ್ತು ದಿನವಾದರೂ ಬೇಕು, ನೆನಪಿನ ಕೋಶಗಳಿಗೆ ಎದ್ದು ನಿಲ್ಲಲು ಅಷ್ಟು ಸಮಯ ಧಾರಾಳ. ಧನುರ್ವಾಯುವಿನ ಕಥೆ ಬೇರೆ. ಅದರ ವಿಷ ಕಣದಷ್ಟಿದ್ದರೂ ಕೊಲ್ಲುತ್ತದೆ. ಆ ಪ್ರಮಾಣ ದೇಹಕ್ಕೆ ಪಾಠ ಕಲಿಸಲು ಸಾಲದು, ಹಾಗಾಗಿ ಕಾಯಿಲೆ ಬಂದು ಹೋದವರಿಗೂ ರಕ್ಷಣೆ ಇರುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಮೊದಲೇ ತಯಾರಿರಬೇಕು, ಅದಕ್ಕೇ ಬೂಸ್ಟರ್.

ಎಲ್ಲಿ ಕೈಕೊಡುತ್ತದೆ

ದಡಾರದ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಹಸುಗೂಸಿಗೆ ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯಗಳೇ ಅದನ್ನು ಮುಗಿಸಿಬಿಡುತ್ತವೆ. 9 ಅಥವಾ 12 ತಿಂಗಳವರೆಗೆ ಕಾಯುವುದು ಇದಕ್ಕೆ. ಚುಚ್ಚುವ ಜೀವಂತ ಲಸಿಕೆಗಳು ಎರಡಿದ್ದರೆ ಒಂದೇ ದಿನ ಹಾಕಬೇಕು, ಇಲ್ಲವೇ ನಾಲ್ಕು ವಾರ ಬಿಡಬೇಕು.

ಇನ್ನು ಶೀತಲೀಕರಣ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು ಎಂದರೆ ಬಿಸಿಯನ್ನಷ್ಟೇ ಹೆದರುವವರು ಜಾಸ್ತಿ. ಅಲ್ಯೂಮಿನಿಯಂ ಬೆರೆತ ಲಸಿಕೆಗೆ ಹೆಪ್ಪುಗಟ್ಟುವುದೇ ಶತ್ರು: ಒಮ್ಮೆ ಗಟ್ಟಿಯಾದರೆ ಲವಣದ ಕಣಗಳು ಗಂಟುಕಟ್ಟಿ ಲಸಿಕೆ ಕೆಡುತ್ತದೆ. ಅನುಮಾನ ಬಂದರೆ ಅದೇ ಕಂಪನಿಯ, ಅದೇ ಬ್ಯಾಚಿನ ಇನ್ನೊಂದು ಸೀಸೆಯನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ, ತಾನಾಗಿ ಕರಗಲು ಬಿಡಿ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು 10–15 ಸೆಕೆಂಡ್ ಕುಲುಕಿ, ಪಕ್ಕಪಕ್ಕ ಇಟ್ಟು ಬೆಳಕಿಗೆ ನೋಡಿ. ಹೆಪ್ಪುಗಟ್ಟಿಸಿದ್ದರಲ್ಲಿ ಚಕ್ಕೆಗಳು ಬೇಗ ತಳ ಸೇರಿ ಮೇಲೆ ತಿಳಿ ನಿಲ್ಲುತ್ತದೆ. ಅನುಮಾನದ ಸೀಸೆಯೂ ಅಷ್ಟೇ ಬೇಗ ತಿಳಿಯಾದರೆ ಬಿಸಾಡಿ. ಸೀಸೆಯ ಮೇಲೆ ಬಣ್ಣ ಬದಲಿಸುವ ಚೌಕದ ಗುರುತು ಇನ್ನೂ ಬೆಳ್ಳಗಿದೆಯಲ್ಲ ಎಂದು ನಂಬಿ ಕೂರಬೇಡಿ, ಅದು ಬಿಸಿಯ ಲೆಕ್ಕವನ್ನಷ್ಟೇ ಇಡುತ್ತದೆ.