ಬಕ್ ಕನ್ವರ್ಟರಿನ ದೋಷವನ್ನು ಮಾದರಿಯ ನೆರವಿನಿಂದ ಪತ್ತೆ ಮಾಡುವ ಬಗೆ

ಹೆಚ್ಚಿನ ವೋಲ್ಟೇಜನ್ನು ಕಡಿಮೆಗೆ ಇಳಿಸುವ ಬಕ್ ಕನ್ವರ್ಟರಿನಲ್ಲಿ ದೋಷವಿದೆಯೇ ಎಂದು ತಿಳಿಯಲು ಔಟ್‌ಪುಟ್ ವೋಲ್ಟೇಜನ್ನಷ್ಟೇ ನೋಡುತ್ತ ಕುಳಿತರೆ ತಡವಾಗುತ್ತದೆ. ಒಳಗಿನ ಬಿಡಿಭಾಗ ಹದಗೆಡುತ್ತಿದ್ದರೂ ನಿಯಂತ್ರಕವು ಡ್ಯೂಟಿಯನ್ನು, ಅಂದರೆ ಪ್ರತಿ ಆವರ್ತದಲ್ಲಿ ಸ್ವಿಚ್ ಆನ್ ಇರುವ ಪಾಲನ್ನು, ಹೊಂದಿಸಿಕೊಂಡು ಔಟ್‌ಪುಟ್ಟನ್ನು ಸರಿಯಾಗಿಯೇ ಇಟ್ಟಿರುತ್ತದೆ. ಆದ್ದರಿಂದ ಆರೋಗ್ಯವಂತ ಕನ್ವರ್ಟರಿನ ಸಮೀಕರಣವನ್ನು, ಅಂದರೆ ಅದರ ಮಾದರಿಯನ್ನು, ಪ್ರೊಸೆಸರಿನಲ್ಲಿ ಬರೆದಿಟ್ಟು, ಅದು ಹೇಳುವ ಬೆಲೆಗೂ ಅಳೆದ ಬೆಲೆಗೂ ಇರುವ ವ್ಯತ್ಯಾಸವನ್ನು, ಅಂದರೆ ಶೇಷವನ್ನು, ಪ್ರತಿ ಆವರ್ತದಲ್ಲೂ ಗಮನಿಸಬೇಕು.

ಉದಾಹರಣೆಗೆ 24 ವೋಲ್ಟನ್ನು 12 ವೋಲ್ಟಿಗೆ ಇಳಿಸುವ, ಡಯೋಡ್ ಬಳಸುವ ಬಕ್ ಕನ್ವರ್ಟರನ್ನು ತೆಗೆದುಕೊಳ್ಳೋಣ. ಆವೃತ್ತಿ 100 ಕಿಲೋಹರ್ಟ್ಸ್, ಇಂಡಕ್ಟರ್ 47 ಮೈಕ್ರೋಹೆನ್ರಿ, ಕೆಪಾಸಿಟರ್ 220 ಮೈಕ್ರೋಫ್ಯಾರಡ್, ಲೋಡ್ 4 ಆಂಪಿಯರ್. ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಆನ್ ಇರುವಾಗ ಇಂಡಕ್ಟರಿನ ಮೇಲೆ ಬೀಳುವ 12 ವೋಲ್ಟನ್ನು ಇಂಡಕ್ಟನ್ಸಿನಿಂದ ಭಾಗಿಸಿದರೆ ಕರೆಂಟು ಮೈಕ್ರೋಸೆಕೆಂಡಿಗೆ 0.255 ಆಂಪಿಯರಿನಂತೆ ಏರಬೇಕೆಂದು ತಿಳಿಯುತ್ತದೆ. ಸ್ವಿಚಿಂಗ್ ವೇಳೆಯ ವಿದ್ಯುತ್ ಗದ್ದಲ ಅಡಗಲೆಂದು ಆನ್ ಆದ 1.5 ಮೈಕ್ರೋಸೆಕೆಂಡಿಗೆ ಕರೆಂಟಿನ ಒಂದು ಅಳತೆ, 4 ಮೈಕ್ರೋಸೆಕೆಂಡಿಗೆ ಇನ್ನೊಂದು ಅಳತೆ ತೆಗೆಯಿರಿ. ಇವೆರಡರ ನಡುವೆ 0.64 ಆಂಪಿಯರ್ ಏರಿಕೆ ಕಾಣಬೇಕು. ಮಾಸ್‌ಫೆಟ್ಟನ್ನು ಆನ್ ಮಾಡುವ ತುದಿಯಾದ ಗೇಟಿಗೆ ಆಜ್ಞೆ ಹೋಗಿಯೂ ಅದು ಆನ್ ಆಗದೆ ತೆರೆದೇ ಉಳಿದರೆ ಕರೆಂಟು ಡಯೋಡಿನ ಮೂಲಕ ಅಷ್ಟೇ ವೇಗದಲ್ಲಿ ಇಳಿಯುತ್ತದೆ, ಆಗ ಶೇಷ 1.28 ಆಂಪಿಯರ್. ಮೂರನೆಯ ಆವರ್ತದ ಹೊತ್ತಿಗೆ ಕರೆಂಟು ಸೊನ್ನೆಗೆ ಇಳಿದು ಅಲ್ಲೇ ನಿಂತುಬಿಡುವುದರಿಂದ ಶೇಷವು 0.64ರ ಆಸುಪಾಸಿಗೆ ಕುಗ್ಗುತ್ತದೆ.

ಶೇಷ ಎಷ್ಟು ದಾಟಿದರೆ ದೋಷ ಎನ್ನುವ ಮಿತಿಯನ್ನು ಊಹೆಯಿಂದ ಇಡಬಾರದು. ಇಂಡಕ್ಟನ್ಸ್ ಶೇ. 20ರಷ್ಟು ಕಡಿಮೆಯಿದ್ದರೆ ಆರೋಗ್ಯವಂತ ಕನ್ವರ್ಟರೇ 0.16 ಆಂಪಿಯರ್ ಶೇಷ ತೋರಿಸುತ್ತದೆ. ಅದಕ್ಕಿಂತ ಸಾಕಷ್ಟು ಮೇಲೆ, 0.64ಕ್ಕಿಂತ ಸಾಕಷ್ಟು ಕೆಳಗೆ ಇರುವ 0.4 ಇಲ್ಲಿ ಒಪ್ಪುವ ಮಿತಿ. ಸತತ ಮೂರು ಆವರ್ತ ಮಿತಿ ದಾಟಿದರೆ ಮಾತ್ರ ದೋಷವೆಂದು ಘೋಷಿಸಿ. ಅಷ್ಟರಲ್ಲಿ ಔಟ್‌ಪುಟ್ ಬೀಳುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಮಾಸ್‌ಫೆಟ್ ಶಾರ್ಟ್ ಆಗುವುದು, ಅಂದರೆ ಆಫ್ ಆಗದೆ ಸದಾ ಆನ್ ಆಗಿಯೇ ಉಳಿಯುವುದು, ಬೇರೆಯೇ ಮಾತು. ಅದಕ್ಕೆ ಲೆಕ್ಕ ಹಾಕುತ್ತ ಕೂರುವಷ್ಟು ಸಮಯವಿಲ್ಲ, ಹಾರ್ಡ್‌ವೇರ್ ರಕ್ಷಣೆಯೇ ಬೇಕು.

ಕರೆಂಟ್ ಸೆನ್ಸರ್ ಕೆಟ್ಟು ಒಂದೇ ಬೆಲೆ ತೋರಿಸುತ್ತಿದ್ದರೂ ಶೇಷ 0.64 ಆಗುತ್ತದೆ. ಸೆನ್ಸರಿನ ದೋಷವನ್ನೂ ಮಾಸ್‌ಫೆಟ್ ತೆರೆದುಳಿದ ದೋಷವನ್ನೂ ಬೇರ್ಪಡಿಸಲು ಔಟ್‌ಪುಟ್ಟನ್ನು ನೋಡಿ: ವೋಲ್ಟೇಜ್ ಬೀಳುತ್ತಿದ್ದರೆ ಮಾಸ್‌ಫೆಟ್, ಅಲುಗದೆ ನಿಂತಿದ್ದರೆ ಸೆನ್ಸರ್.

ಕೆಪಾಸಿಟರಿನ ಮುಪ್ಪು ನಿಧಾನದ ದೋಷ. ಇಂಡಕ್ಟರಿನ ರಿಪಲ್ ಕರೆಂಟು, ಅಂದರೆ ಪ್ರತಿ ಆವರ್ತದ ಏರಿಳಿತ, 1.28 ಆಂಪಿಯರ್ ಇದ್ದು, ಕೆಪಾಸಿಟರಿನ ಒಳರೋಧ 50 ಮಿಲಿಓಮ್ ಇದ್ದರೆ ಔಟ್‌ಪುಟ್ ರಿಪಲ್ ಸುಮಾರು 64 ಮಿಲಿವೋಲ್ಟ್. ಕೆಪಾಸಿಟನ್ಸಿನಿಂದ ಬರುವ ಪಾಲು 7 ಮಿಲಿವೋಲ್ಟ್ ಮಾತ್ರ. ಹಾಗಾಗಿ ಅಳೆದ ರಿಪಲ್ ವೋಲ್ಟೇಜನ್ನು ಲೆಕ್ಕದ ರಿಪಲ್ ಕರೆಂಟಿನಿಂದ ಭಾಗಿಸಿದರೆ ಒಳರೋಧವೇ ಸಿಗುತ್ತದೆ. ಇಂಡಕ್ಟನ್ಸಿನ ತಪ್ಪು ಈ ಲೆಕ್ಕಕ್ಕೂ ನುಸುಳುವುದರಿಂದ, ಕನ್ವರ್ಟರ್ ಹೊಸತಿರುವಾಗ ಬಂದ ಬೆಲೆಯನ್ನು ದಾಖಲಿಸಿಟ್ಟು ಅದರೊಂದಿಗೇ ಹೋಲಿಸಿ. ಇಮ್ಮಡಿಯಾದರೆ ಬದಲಿಸುವ ಕಾಲ ಬಂದಿತೆಂದು ತಿಳಿಯುವುದು ರೂಢಿ. ಚಳಿಯಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳರೋಧ ತಾನಾಗಿಯೇ ಏರುತ್ತದೆ. ಹೋಲಿಕೆ ಒಂದೇ ತಾಪಮಾನದಲ್ಲಿ ನಡೆಯದಿದ್ದರೆ ಮುಂಜಾನೆಯ ಕೆಪಾಸಿಟರ್ ಮಧ್ಯಾಹ್ನದ್ದಕ್ಕಿಂತ ಮುದಿಯಾಗಿ ಕಂಡೀತು.

ಕರೆಂಟಿನ ಏರಿಕೆಯ ವೇಗದ ಬದಲು ಅಬ್ಸರ್ವರನ್ನು, ಅಂದರೆ ಅಳತೆಯನ್ನು ನೋಡಿ ತನ್ನ ಅಂದಾಜನ್ನು ತಿದ್ದಿಕೊಳ್ಳುತ್ತ ಹೋಗುವ ಮಾದರಿಯನ್ನು, ಬಳಸುವವರಿಗೆ ಒಂದು ಎಚ್ಚರಿಕೆ. ನಿಯಂತ್ರಣದಲ್ಲಿ ಪಳಗಿದ ಕೈಗಳು ಅಂದಾಜು ಬೇಗ ಅಳತೆಯನ್ನು ಹಿಂಬಾಲಿಸಲೆಂದು ಗೇನನ್ನು, ಅಂದರೆ ಆ ತಿದ್ದುಪಡಿಯ ಬಲವನ್ನು, ಏರಿಸುತ್ತವೆ. ದೋಷ ಪತ್ತೆಗೆ ಅದೇ ಮುಳುವು: ಅಂದಾಜು ಕೆಟ್ಟ ಅಳತೆಗೇ ಹೊಂದಿಕೊಂಡು ಶೇಷ ಕರಗಿಹೋಗುತ್ತದೆ.

ಪರೀಕ್ಷೆಗೆ ಗೇಟ್ ಸಂಕೇತವನ್ನು ಡ್ರೈವರಿನ ಬಳಿ ತಡೆದು ದೋಷವನ್ನು ಬೇಕೆಂದೇ ಹುಟ್ಟಿಸಿ. ಬಳಿಕ ಲೋಡನ್ನು ಥಟ್ಟನೆ ಬದಲಿಸಿ ಸುಳ್ಳು ಎಚ್ಚರಿಕೆ ಬರುತ್ತದೆಯೇ ನೋಡಿ. ಏರಿಕೆಯ ವೇಗ ಲೋಡನ್ನು ನೇರವಾಗಿ ಅವಲಂಬಿಸದ ಕಾರಣ, ಲೆಕ್ಕಕ್ಕೆ ಆ ಕ್ಷಣದಲ್ಲಿ ಅಳೆದ ವೋಲ್ಟೇಜುಗಳನ್ನೇ ಬಳಸಿದ್ದರೆ ಬರಬಾರದು. ಹಗುರ ಲೋಡಿನಲ್ಲಿ ಆನ್ ಅವಧಿ 4 ಮೈಕ್ರೋಸೆಕೆಂಡಿಗಿಂತ ಕಿರಿದಾದರೆ ಎರಡನೆಯ ಅಳತೆ ಆಫ್ ಅವಧಿಗೆ ಜಾರುತ್ತದೆ. ಅಂಥ ಆವರ್ತಗಳನ್ನು ಎಣಿಕೆಯಿಂದ ಬಿಡಿ.