ಚಕ್ರದ ಪ್ರತಿ ಸುತ್ತಿಗೂ ಒಂದೇ ನೋಟು: ಗೇರ್ ಮೋಟಾರಿನಲ್ಲಿ ಪುಟ್ಟ ಮಾದರಿ

ನೋಟಿನ ಕಟ್ಟಿನಿಂದ ಒಂದು ನೋಟನ್ನು ಮುಂದಕ್ಕೆ ತಳ್ಳುವುದು ಯಾವ ಮೋಟಾರಿಗೂ ಕಷ್ಟವಲ್ಲ. ಅದರ ಜೊತೆಗೇ ಹೊರಟ ಎರಡನೆಯದನ್ನು ತಡೆಯುವುದೇ ಕಷ್ಟ. ಎಟಿಎಂ ಆಗಲಿ, ಬ್ಯಾಂಕಿನ ಎಣಿಕೆ ಯಂತ್ರವಾಗಲಿ, ಒಳಗಿನ ಜಾಣತನವೆಲ್ಲ ಇರುವುದು ಅಲ್ಲೇ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದರ ಮಾದರಿಯನ್ನು ಮನೆಯಲ್ಲೇ ಮಾಡಬಹುದು.

12 ವೋಲ್ಟಿನ, ನಿಮಿಷಕ್ಕೆ 60 ಸುತ್ತಿನ ಡಿಸಿ ಗೇರ್ ಮೋಟಾರು ಕೊಳ್ಳಿ, ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದ್ದೇ ಇದೆ. ಜೊತೆಗೆ ಅಡಾಪ್ಟರ್, ಸ್ವಿಚ್ಚು, ಎರಡು ಪ್ಲಾಸ್ಟಿಕ್ ಚಕ್ರ, ಹಳೆಯ ಸೈಕಲ್ ಟ್ಯೂಬು, ಪೆನ್ಸಿಲ್ ಅಳಿಸುವ ರಬ್ಬರ್, ಮೆತ್ತನೆಯ ಸ್ಪ್ರಿಂಗು, ದಪ್ಪ ರಟ್ಟು.

ಈಗಿನ 500ರ ನೋಟಿನ ಅಳತೆ 150 x 66 ಮಿ.ಮೀ. ಅದೇ ಅಳತೆಗೆ ಬಿಳಿ ಹಾಳೆ ಕತ್ತರಿಸಿಕೊಳ್ಳಿ. ನೋಟನ್ನೇ ಕಲರ್ ಜೆರಾಕ್ಸ್ ಮಾಡಿಸುವ ಆಸೆ ಬೇಡ, ಅದು ಅಪರಾಧ.

ಗೇರ್ ಯಾಕೆ ಬೇಕು? ಒಳಗಿನ ಮೋಟಾರು ನಿಮಿಷಕ್ಕೆ 6000 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. 42 ಮಿ.ಮೀ. ವ್ಯಾಸದ ಚಕ್ರವನ್ನು ನೇರ ಅದಕ್ಕೇ ಸಿಕ್ಕಿಸಿದರೆ ಅಂಚಿನ ವೇಗ ಸೆಕೆಂಡಿಗೆ 13 ಮೀಟರ್. ಹಾಳೆ ಹರಿಯುತ್ತದೆ, ಇಲ್ಲವೇ ಹಾರುತ್ತದೆ. 100ಕ್ಕೆ 1ರ ಗೇರ್ ಹಾಕಿದರೆ ಸೆಕೆಂಡಿಗೆ ಒಂದೇ ಸುತ್ತು. ವೇಗ ಇಳಿದಷ್ಟೂ ತಿರುಗಿಸುವ ಬಲ ಏರುತ್ತದೆ. ಹಲ್ಲುಗಳ ತಿಕ್ಕಾಟದಲ್ಲಿ ಒಂದಿಷ್ಟು ಸೋರಿಹೋಗುತ್ತದೆ, ಅಷ್ಟೆ. ನಾಣ್ಯ ಕೊಡುವ ಯಂತ್ರದ ತಿರುಗು ತಟ್ಟೆಗೂ ಇಂಥದ್ದೇ ನಿಧಾನದ ಬಲ ಬೇಕು.

ಈಗ ಚಕ್ರದ ಕೆಲಸ. ಇಲ್ಲಿ ಅವಸರ ಬೇಡ. ಟ್ಯೂಬಿನ ಪಟ್ಟಿಯನ್ನು ಚಕ್ರದ ಸುತ್ತಲೂ ಅಂಟಿಸಬೇಡಿ, ಅರ್ಧಕ್ಕೆ ಮಾತ್ರ ಅಂಟಿಸಿ. ಪಟ್ಟಿ ಸೇರಿ ವ್ಯಾಸ 42 ಮಿ.ಮೀ. ಇದ್ದರೆ ಸುತ್ತಳತೆ 132, ಅದರ ಅರ್ಧ 66, ಅಂದರೆ ಸರಿಯಾಗಿ ನೋಟಿನ ಅಗಲ! ರಬ್ಬರ್ ಇರುವ ಅರ್ಧ ಒಂದು ನೋಟನ್ನು ದಾಟಿಸುತ್ತದೆ, ನುಣುಪಾದ ಅರ್ಧ ಮುಂದಿನದರ ಮೇಲೆ ಸುಮ್ಮನೆ ಜಾರುತ್ತದೆ. ಹಾಳೆ ಕೊಂಚ ಜಾರಿದರೆ ಪಟ್ಟಿಯನ್ನು ಎರಡು ಮೂರು ಮಿ.ಮೀ. ಉದ್ದ ಮಾಡಿ. ಹಲವು ಎಣಿಕೆ ಯಂತ್ರಗಳ ರೋಲರ್ ಇದೇ ಉಪಾಯದ್ದು. ಎರಡೂ ಚಕ್ರಗಳನ್ನು ಮೋಟಾರು ತಿರುಗಿಸುವ ಒಂದೇ ಶಾಫ್ಟಿಗೆ (ಸರಳಿಗೆ) 8 ಸೆಂ.ಮೀ. ಅಂತರದಲ್ಲಿ, ಪಟ್ಟಿಗಳು ಒಂದೇ ನೇರಕ್ಕೆ ಬರುವಂತೆ ಕೂರಿಸಿ. ಒಂದೇ ಚಕ್ರವಾದರೆ ನೋಟು ಸೊಟ್ಟಗೆ ಓಡುತ್ತದೆ.

ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟನ್ನು ಉದ್ದನೆಯ ಅಂಚು ಮುಂದಾಗಿ ಇಡಿ. ಕೆಳಗಿನಿಂದ ಸ್ಪ್ರಿಂಗು ಅದನ್ನು ಚಕ್ರಕ್ಕೆ ಒತ್ತಲಿ. ಕಟ್ಟಿನ ಮುಂದೆ, ಚಕ್ರಗಳ ಕೆಳಗೆ, ಅಳಿಸುವ ರಬ್ಬರಿನ ತುಂಡುಗಳನ್ನು ಹಗುರವಾಗಿ ತಾಗುವಂತೆ ಅಂಟಿಸಿ. ತಡೆಯುವುದು ಇವೇ. ಚಕ್ರದ ಹಿಡಿತ ಎಲ್ಲಕ್ಕಿಂತ ಹೆಚ್ಚು, ತಡೆ ರಬ್ಬರಿನದು ಅದಕ್ಕಿಂತ ಕಡಿಮೆ, ಹಾಳೆಗೂ ಹಾಳೆಗೂ ಇರುವ ಹಿಡಿತ ತೀರ ಕಡಿಮೆ. ಹಾಗಾಗಿ ಮೇಲಿನ ಹಾಳೆ ಹೋಗುತ್ತದೆ, ಕೆಳಗಿನದು ನಿಲ್ಲುತ್ತದೆ. ಎರಡೆರಡು ಬಂದರೆ ತಡೆಯನ್ನು ತುಸು ಬಿಗಿ ಮಾಡಿ. ಒಂದೂ ಬರದಿದ್ದರೆ ಸಡಿಲಿಸಿ.

ಜೋಡಿ ನೋಟು ಎಟಿಎಂನಲ್ಲೂ ಬರುತ್ತದೆ. ಸೆನ್ಸರು ದಪ್ಪ ಹೆಚ್ಚಿದ್ದನ್ನು ಗುರುತಿಸಿ ಅದನ್ನು ತಿರಸ್ಕೃತ ನೋಟಿನ ಪೆಟ್ಟಿಗೆಗೆ ಕಳಿಸುತ್ತದೆ, ಗ್ರಾಹಕರ ಕೈಗೆ ಅದು ಬರುವುದಿಲ್ಲ. ಮಾದರಿಯಲ್ಲಿ ಇದನ್ನು ತೋರಿಸಲು ದಾರಿಯ ಒಂದು ಬದಿಗೆ ಎಲ್‌ಇಡಿ, ಇನ್ನೊಂದು ಬದಿಗೆ ಎಲ್‌ಡಿಆರ್ (ಬೆಳಕು ಕುಂದಿದಷ್ಟೂ ಕರೆಂಟಿಗೆ ಹೆಚ್ಚು ತಡೆ ಒಡ್ಡುವ ಪುಟ್ಟ ಬಿಡಿಭಾಗ) ಇಟ್ಟರೆ ಸಾಕು. ಎರಡು ಹಾಳೆ ಇದ್ದಾಗ ಬೆಳಕು ಇನ್ನಷ್ಟು ಕುಂದುತ್ತದೆ.

2016ರ ನವೆಂಬರಿನಲ್ಲಿ ಎಟಿಎಂಗಳನ್ನೆಲ್ಲ ಹೊಸದಾಗಿ ಹೊಂದಿಸಬೇಕಾಗಿ ಬಂದದ್ದೂ ಅಳತೆಯ ಕಾರಣಕ್ಕೇ. ಹಳೆಯ 500ರ ನೋಟಿನ ಅಗಲ 73 ಮಿ.ಮೀ. ಇತ್ತು. ನಿಮ್ಮ ಚಕ್ರಕ್ಕೆ ಆ ಅಳತೆಯ ಹಾಳೆ ಕೊಟ್ಟು ನೋಡಿ, ಬಾಲ ಒಳಗೇ ಉಳಿಯುತ್ತದೆ.

ಹಾಳೆ ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆರಿಸಿ. ತಿರುಗಲಾರದೆ ನಿಂತ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಚಕ್ರವನ್ನು ಕೈಯಿಂದ ಬಲವಂತವಾಗಿ ತಿರುಗಿಸಿದರೆ ಗೇರಿನ ಹಲ್ಲು ಮುರಿಯಬಹುದು. ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಒಂದು ಕ್ಷಣ ಹಿಂದಕ್ಕೆ ಓಡಿಸಿ, ಹಾಳೆ ತಾನೇ ಬಿಟ್ಟುಕೊಳ್ಳುತ್ತದೆ.